ಕೆಸರಿನ ಬ್ಯಾಸಿಲಸ್

ಮೊನ್ನೆ ಬಸವೇಶ್ವರನಗರದ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬಿಗೆ ಸೊಲ್ಯೂಷನ್ ಹಚ್ಚಿದಾಗ ಲ್ಯಾಬಿನ ಹೆಕ್ಸೇನ್ ದ್ರಾವಕದಂಥದ್ದೇ ವಾಸನೆ ಮೂಗಿಗೆ ಬಡಿಯಿತು. ಲ್ಯಾಬಿನ ಅಕ್ಕ ನೆನಪಾದಳು... ಪಿಎಚ್‌ಡಿಯಲ್ಲಿ ನನಗಿಂತ ಸೀನಿಯರ್, ದಾವಣಗೆರೆ ಕಡೆಯವಳು, ಮಾತು ಕಡಿಮೆ.

ಬ್ಯಾಕ್ಟೀರಿಯಾಗಳನ್ನು ಅವುಗಳ ಕೊಬ್ಬಿನಿಂದ ಗುರುತಿಸುವುದು ನಮ್ಮ ಕೆಲಸ. ಬೆಳೆಸಿ, ಕುದಿಸಿ, ಕೊಬ್ಬನ್ನು ಹೆಕ್ಸೇನಿಗೆ ಇಳಿಸಿ ಯಂತ್ರಕ್ಕೆ ಕೊಟ್ಟರೆ, ಯಾವ ಕೊಬ್ಬಿನಾಮ್ಲ ಎಷ್ಟಿದೆ ಎಂಬುದರ ಮೇಲೆ ಪ್ರಭೇದ ತಿಳಿಯುತ್ತಿತ್ತು. ಆದರೆ ಎಲ್ಲವನ್ನೂ ಒಂದೇ ಶಾಖದಲ್ಲಿ, ಇಪ್ಪತ್ತೆಂಟು ಡಿಗ್ರಿಯಲ್ಲಿ, ಬೆಳೆಸಬೇಕು. ಚಳಿಯಾದರೆ, ತುಪ್ಪದ ಹಾಗೆ ಗಟ್ಟಿಯಾಗದಿರಲೆಂದು ಬ್ಯಾಕ್ಟೀರಿಯಾ ತನ್ನ ಕೊಬ್ಬನ್ನೇ ಬದಲಿಸಿಕೊಳ್ಳುತ್ತದೆ, ಯಂತ್ರಕ್ಕೆ ಗುರುತು ಸಿಗುವುದಿಲ್ಲ.

ಮಲ್ಲತ್ತಹಳ್ಳಿ ಕೆರೆಯ ಕೆಸರಿನಿಂದ ಅಕ್ಕ ತೆಗೆದ ಬ್ಯಾಕ್ಟೀರಿಯಾ ಗೊತ್ತಿರುವ ಯಾವ ಪ್ರಭೇದಕ್ಕೂ ಹೊಂದಲಿಲ್ಲ. ಮೂಲೆಯಲ್ಲಿದ್ದ, ಬಿಸಿ ತಂಪು ಎರಡನ್ನೂ ಮಾಡಿ ಒಂದೇ ಶಾಖ ಕಾಯುವ ಇನ್‌ಕ್ಯುಬೇಟರ್ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಮತ್ತೆ ಮತ್ತೆ ಬೆಳೆಸಿದಳು. ಅದೇ ಉತ್ತರ. ಈ ವರ್ಷ ಥೀಸಿಸ್ ಆಗದಿದ್ದರೆ ಓದು ಬಿಡಿಸಿ ಮದುವೆ ಎಂದು ಮನೆಯಲ್ಲಿ ಕಡ್ಡಿ ಮುರಿದಂತೆ ಹೇಳಿದ್ದರು. ಈ ಹೊಸ ಪ್ರಭೇದವೇ ತನ್ನನ್ನು ಉಳಿಸುತ್ತದೆ ಎಂದು ಅವಳು ನಂಬಿದ್ದಳು. ನಮ್ಮ ಗೈಡ್ ಸಾರ್ ಬಂದು ನೋಡಿ, ಮುಂದುವರಿಸಿ ಎಂದು ನಕ್ಕು ಹೋಗುತ್ತಿದ್ದರು.

ಸೆಮಿನಾರಿನ ದಿನ ಅಕ್ಕ ಹೊಸ ಸೀರೆ ಉಟ್ಟು ಬಂದಿದ್ದಳು. ಅವಳು ಎಲ್ಲ ಹೇಳಿ ಮುಗಿಸುವವರೆಗೂ ಸಾರ್ ಕಾದರು.

"ಇನ್‌ಕ್ಯುಬೇಟರ್ ಒಳಗೆ ಬೇರೆ ಥರ್ಮಾಮೀಟರ್ ಇಟ್ಟು ನೋಡಿದ್ರೇನಮ್ಮ?"

"ಇಲ್ಲ ಸಾರ್... ಡಿಸ್‌ಪ್ಲೇಲಿ ಇಪ್ಪತ್ತೆಂಟೇ ಇತ್ತು."

"ಒಳಗೆ ಹದಿನೆಂಟಿದೆ. ಅದು ಕೆಟ್ಟಿರೋದು ನಂಗೆ ಮೊದಲಿಂದ್ಲೂ ಗೊತ್ತು. ನೀವು ಯಾವಾಗ ಕಂಡ್ಹಿಡೀತೀರೋ ನೋಡೋಣ ಅಂತ ಸುಮ್ನಿದ್ದೆ."

ಹಾಲ್ ತುಂಬಾ ನಗು. ಸಾರ್ ಮುಖದಲ್ಲಿ ಹಬ್ಬದೂಟ ಉಂಡವರ ತೃಪ್ತಿ. "ತಲೆ ಇಲ್ದೋರಿಗೆ ಯಂತ್ರ ಏನ್ಮಾಡುತ್ತೆ ಹೇಳಿ," ಎಂದೂ ಸೇರಿಸಿದರು. ಆ ಮನುಷ್ಯನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ಅಕ್ಕ ಸರಿಯಾದ ಶಾಖದಲ್ಲಿ ಮತ್ತೊಮ್ಮೆ ಬೆಳೆಸಿದಳು. ಎಲ್ಲ ಕೆಸರಿನಲ್ಲೂ ಸಿಗುವ ಮಾಮೂಲಿ ಬ್ಯಾಸಿಲಸ್ ಬ್ಯಾಕ್ಟೀರಿಯಾ ಎಂದಿತು ಯಂತ್ರ. ಪ್ಲೇಟುಗಳನ್ನು ತೊಳೆದಿಟ್ಟು ಊರಿಗೆ ಹೋದಳು, ಮತ್ತೆ ಲ್ಯಾಬಿಗೆ ಬರಲಿಲ್ಲ...

ಹೋದ ತಿಂಗಳು ಅಕ್ಕ ತೀರಿಕೊಂಡಳು. ಕೆಂಗೇರಿ ಉಪನಗರದ ಅವಳ ಮನೆಗೆ ಶಿವಗಣಾರಾಧನೆಗೆ ಹೋಗಿದ್ದೆ. ಅವಳ ಗಂಡ ಪಕ್ಕದಲ್ಲಿ ಬಂದು ಕೂತರು.

"ಪಿಎಚ್‌ಡಿ ಯಾಕೆ ಬಿಟ್ಟೆ ಅಂತ ಕೇಳಿದ್ರೆ, ನಂಗೆ ಅಷ್ಟು ತಲೆ ಇಲ್ಲ ಅಂತಿದ್ಲು. ಮಗಳ ಹೋಂವರ್ಕ್ ಸಹ ನೋಡ್ತಿರ್ಲಿಲ್ಲ ಮೇಡಂ, ತಪ್ಪು ಹೇಳ್ಕೊಟ್ಬಿಡ್ತೀನಿ ಅಂತ ಭಯ."

ನಮ್ಮೆಲ್ಲರಲ್ಲಿ ಅವಳೇ ಬುದ್ಧಿವಂತೆ ಎಂದೆ. ಸತ್ತವರ ಬಗ್ಗೆ ಎಲ್ಲರೂ ಒಳ್ಳೆಯದನ್ನೇ ಹೇಳುತ್ತಾರಲ್ಲ, ಅವರು ಸುಮ್ಮನೆ ತಲೆಯಾಡಿಸಿದರು. ಆ ಮನೆಯಲ್ಲೀಗ ಅಕ್ಕನಿಲ್ಲ. ಸಾರ್ ಹೇಳಿದ ಮಾತು ಮಾತ್ರ ಇದೆ.