ಬಣ್ಣ ಬಿಟ್ಟ ಮುನಿಯಾ

೧೯೩೬ರಲ್ಲಿ ನಾನು ಧಾರವಾಡದಲ್ಲಿ ದನದ ಡಾಕ್ಟರನಾಗಿದ್ದೆ. ಮುಂಬಯಿಯಲ್ಲಿ ಕಲಿತು ಬಂದು ಆರು ವರ್ಷವಾಗಿತ್ತು. ಎಮ್ಮೆಯ ಹೊಟ್ಟೆಯುಬ್ಬರ, ಟಾಂಗಾ ಕುದುರೆಯ ಗೊರಸು, ಎತ್ತಿನ ಹೆಗಲ ಹುಣ್ಣು, ಇವುಗಳಲ್ಲಿ ಕೈ ಪಳಗಿತ್ತು. ಹಕ್ಕಿಗಳಲ್ಲಿ ಮಾತ್ರ ಕೋಳಿಯಿಂದಾಚೆ ಹೋದವನಲ್ಲ.

ಆ ವರ್ಷ ದಸರೆಗೆ ಮೊದಲು ಮಾಳಮಡ್ಡಿಯ ಬಿಂದುರಾವ್ ವಕೀಲರು ಮಂಗಳವಾರದ ಸಂತೆಯಲ್ಲಿ ನಾಲ್ಕು ಮುನಿಯಾ ಹಕ್ಕಿ ಕೊಂಡರು. ಗುಬ್ಬಿಗಿಂತ ಚಿಕ್ಕವು, ಮೈಯೆಲ್ಲ ಕೆಂಪು, ಮೇಲೆ ಬಿಳಿ ಚುಕ್ಕಿ. ಮಾರಿದವರು ರಾಯಾಪುರದ ದಾವಲಸಾಬರು. ಬಿದಿರಿನ ಪಂಜರ ಹೆಣೆಯುವುದು ಅವರ ಮನೆತನದ ಕಸಬು. ಹೆಬ್ಬಳ್ಳಿ ಕಡೆಯ ಹುಲ್ಲಿನಲ್ಲಿ ಬಲೆ ಹಾಕಿ ಹಕ್ಕಿ ಹಿಡಿದು, ಪಂಜರದ ಜೊತೆಗೇ ಮಾರುತ್ತಿದ್ದರು. ಎರಡು ಗಂಡು, ಎರಡು ಹೆಣ್ಣು ಒಯ್ಯಿರಿ ಎಂದು ಅವರು ಹೇಳಿದ್ದರಂತೆ. ಹೆಣ್ಣು ಮಣ್ಣುಬಣ್ಣದ್ದು, ನೋಡಲು ಸಪ್ಪೆ. ವಕೀಲರು ಕೆಂಪಗಿದ್ದವನ್ನೇ ನಾಲ್ಕು ಆರಿಸಿ ತಂದು, ಪಡಸಾಲೆಯಲ್ಲಿ ತೂಗುಹಾಕಿ, ಬಂದವರಿಗೆಲ್ಲ ತೋರಿಸಿದರು.

ಸಂಕ್ರಾಂತಿ ಕಳೆದ ಮೇಲೆ ಕೆಂಪು ಇಳಿಯತೊಡಗಿತು. ಶಿವರಾತ್ರಿಯ ಹೊತ್ತಿಗೆ ನಾಲ್ಕೂ ಮಣ್ಣುಬಣ್ಣವಾದವು. ಬಾಲದ ಬುಡದಲ್ಲಷ್ಟೇ ಕೆಂಪು ಉಳಿಯಿತು. ವಕೀಲರು ಕಿಡಿಕಿಡಿಯಾದರು. ಹಿಂದಿನ ವರ್ಷ ಪರವೂರಿನವನೊಬ್ಬ ಮಾಸಲು ಬಣ್ಣದ ಹಕ್ಕಿಗಳಿಗೆ ಹಸಿರು ಬಣ್ಣ ಹಚ್ಚಿ ಮಾರಿ, ಅರ್ಧ ಮಾಳಮಡ್ಡಿಗೆ ಟೋಪಿ ಹಾಕಿ ಹೋಗಿದ್ದ. ಆ ಸಿಟ್ಟು ಇನ್ನೂ ಆರಿರಲಿಲ್ಲ.

ಪಂಜರ ಹಿಡಿದು, ದಾವಲಸಾಬರನ್ನೂ ಕರೆದುಕೊಂಡು ವಕೀಲರು ನನ್ನ ದವಾಖಾನೆಗೆ ಬಂದರು.

"ಡಾಕ್ಟರ, ಇವು ಬಣ್ಣಾ ಹಚ್ಚಿದ ಹಕ್ಕಿ ಅಂತ ಒಂದ ಚೀಟಿ ಬರದಕೊಡ್ರಿ. ಇಂವಾ ಇನ್ನ ಸಂತ್ಯಾಗ ಕೂಡಬಾರದು."

ನಾನು ಒಂದು ಹಕ್ಕಿ ಹಿಡಿದು, ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಬಾಲದ ಬುಡದ ಕೆಂಪನ್ನು ತಿಕ್ಕಿದೆ. ಹತ್ತಿ ಬೆಳ್ಳಗೇ ಉಳಿಯಿತು. ಬುದ್ಧಿ ಇದ್ದವನು ಅಲ್ಲಿಗೇ ನಿಲ್ಲುತ್ತಿದ್ದ. ನಾನು, ಬಣ್ಣವೆಲ್ಲ ಮೊದಲೇ ತೊಳೆದುಹೋಗಿದೆ, ಇದೊಂದು ಗಟ್ಟಿಯಾಗಿ ಕೂತಿದೆ ಎಂದುಕೊಂಡೆ.

ದಾವಲಸಾಬರು ಮೆಲ್ಲಗೆ ಹೇಳಿದರು: "ಸಾಹೇಬ್ರ, ಇದು ಬ್ಯಾಸಗಿ ಅಂಗಿ ರೀ. ಮಳಿ ಬಿದ್ದಮ್ಯಾಲ ಗಂಡು ಮತ್ತ ಕೆಂಪ ಆಗ್ತಾವು. ಅಲ್ಲೀತನಾ ತಡೀರಿ."

"ಅಂಗಿ ಬದಲಸಾಕ ಹಕ್ಕಿ ಏನ್ ಮದುಮಗಾ ಏನೋ?" ಎಂದು ವಕೀಲರು ನಕ್ಕರು. ನಾನೂ ನಕ್ಕೆ. ನಕ್ಕು ಚೀಟಿ ಬರೆದುಕೊಟ್ಟೆ.

ಮುಂದಿನ ಮಂಗಳವಾರ ವಕೀಲರು ಅದನ್ನು ಸಂತೆಯಲ್ಲಿ ಗಟ್ಟಿಯಾಗಿ ಓದಿದರು. ಜಾಗ ಹಂಚುವ ಗುತ್ತಿಗೆದಾರ ದಾವಲಸಾಬರ ಜಾಗವನ್ನು ಬಳೆಗಾರನೊಬ್ಬನಿಗೆ ಕೊಟ್ಟ. ಅವರು ಮತ್ತೆ ಸಂತೆಗೆ ಬರಲಿಲ್ಲ.

ಜೂನಿನಲ್ಲಿ ಮಿರಗದ ಮಳೆ ಬಿತ್ತು. ಮೊಮ್ಮಕ್ಕಳ ಕಾಟಕ್ಕೆ ವಕೀಲರು ಹಕ್ಕಿಗಳನ್ನು ಇಟ್ಟುಕೊಂಡೇ ಇದ್ದರು. ನಾಗರಪಂಚಮಿಗೆ ನಾಲ್ಕು ದಿನ ಇರುವಾಗ ಅವರೇ ಓಡಿ ಬಂದರು. "ಡಾಕ್ಟರ, ಲಗೂ ಬರ್ರಿ. ನೀವು ಬರದದ್ದು ಸುಳ್ಳಾತು." ಬರೆಸಿದವರು ಯಾರೆಂಬುದು ಅವರಿಗೆ ಮರೆತಿತ್ತು.

ಹೋಗಿ ನೋಡಿದರೆ ನಾಲ್ಕೂ ಕೆಂಪಗೆ ಕೂತು ನವಣೆ ತಿನ್ನುತ್ತಿದ್ದವು. ಮುಂಬಯಿಯ ನನ್ನ ಗುರುಗಳಿಗೆ ಕಾಗದ ಬರೆದೆ. ಇದಕ್ಕೆ ಮೋಲ್ಟಿಂಗ್ ಎನ್ನುತ್ತಾರೆ, ಹಳೆಯ ಗರಿ ಉದುರಿ ಹೊಸದು ಬರುವುದು; ಈ ಜಾತಿಯ ಗಂಡು ಮರಿ ಮಾಡುವ ಕಾಲಕ್ಕೆ ಕೆಂಪಾಗಿ, ಅದು ಮುಗಿದ ಮೇಲೆ ಹೆಣ್ಣಿನಂತೆ ಕಾಣುತ್ತದೆ ಎಂದು ಉತ್ತರ ಬಂತು. ದಾವಲಸಾಬರು ಹೇಳಿದ್ದನ್ನೇ ಅವರು ಇಂಗ್ಲಿಷಿನಲ್ಲಿ ಬರೆದಿದ್ದರು.

ರಾಯಾಪುರಕ್ಕೆ ಹೋದೆ. ದಾವಲಸಾಬರು ಅಂಗಳದಲ್ಲಿ ಬುಟ್ಟಿ ಹೆಣೆಯುತ್ತಿದ್ದರು. ಒಂದು ಪಂಜರವೂ ಕಾಣಲಿಲ್ಲ. ತಪ್ಪಾಯಿತು ಎಂದೆ. ಅವರು ಕೈ ಕೆಲಸ ನಿಲ್ಲಿಸಲಿಲ್ಲ.

"ನನ್ನ ಮನ್ಯಾಗ ಹೇಳಿದ್ರ ಏನಾತ್ರಿ, ಸಾಹೇಬ್ರ? ಚೀಟಿ ಸಂತ್ಯಾಗ ಓದ್ಯಾರ. ಇದನೂ ಅಲ್ಲೇ ಬಂದು ಹೇಳ್ರಿ."

ಮರುವಾರ ಸಂತೆಯ ನಡುವೆ ನಿಂತು ಹೇಳಿದೆ. ದಾವಲಸಾಬರ ಹಕ್ಕಿ ಖರೆ, ನನ್ನ ಚೀಟಿ ಸುಳ್ಳು ಎಂದೆ. ಕೆಲವರು ನಕ್ಕರು, ಕೆಲವರು ಬದನೆಕಾಯಿ ಆರಿಸುತ್ತಲೇ ಇದ್ದರು. ಗುತ್ತಿಗೆದಾರ ಜಾಗ ತಿರುಗಿ ಕೊಟ್ಟ. ವಕೀಲರು ಅಂದು ಸಂತೆಗೆ ಬಂದಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಸಂತೆಯ ದಾರಿಯಲ್ಲಿ ಹೋಗುವಾಗ ನೋಡಿದೆ. ಪಂಜರಗಳ ಪಕ್ಕದಲ್ಲಿ ಒಂದು ಬಟ್ಟಲು ನೀರು, ಒಂದು ಬಿಳಿ ಅರಿವೆ. ಕೊಳ್ಳಲು ಬಂದವನು ಅರಿವೆ ತೋಯಿಸಿ ಹಕ್ಕಿಯ ಎದೆ ತಿಕ್ಕುತ್ತಿದ್ದ. ಹಕ್ಕಿಯನ್ನು ಅಂಗೈಯಲ್ಲಿ ಹಿಡಿದುಕೊಟ್ಟವರು ದಾವಲಸಾಬರೇ.

"ಇದೇನ್ರಿ, ದಾವಲಸಾಬರ?" ಎಂದೆ.

"ಯಾರೂ ತಿಕ್ಕಿ ನೋಡದ ಒಯ್ಯಾಂಗಿಲ್ರಿ ಈಗ. ಅವರು ಕೇಳೂದಕಿಂತ ಮದಲ ನಾನ ಇಟ್ಟಬಿಡ್ತೇನಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಆಮೇಲೆ ಇಪ್ಪತ್ತು ವರ್ಷ ನೌಕರಿ ಮಾಡಿದೆ. ಯಾವ ಪ್ರಾಣಿಯನ್ನು ಮುಟ್ಟುವ ಮೊದಲೂ, ಅದರ ಜೊತೆ ದಿನ ಕಳೆಯುವವನು ಏನು ಹೇಳುತ್ತಾನೆಂದು ಪೂರ್ತಿ ಕೇಳುವುದನ್ನು ಕಲಿತೆ. ಅದರಿಂದ ಎಷ್ಟೋ ದನಗಳು ಬದುಕಿದವು. ಆದರೆ ದಾವಲಸಾಬರು ಸಂತೆಗೆ ಬರುವಷ್ಟು ಕಾಲವೂ ಆ ಬಟ್ಟಲು ಅಲ್ಲಿಯೇ ಇತ್ತು. ಅದನ್ನು ಅಲ್ಲಿಂದ ಎತ್ತಿಸಲು ನನ್ನಿಂದ ಆಗಲಿಲ್ಲ.