ತಾತನ ಕಿವಿ, ಮೊಮ್ಮಗಳ ಸುತ್ತಿಗೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಸವಾರಿ ಶಾಲೆಯ ಲಾಯದ ಮುಂದಿನ ಕಲ್ಲುಹಾಸಿಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ಕೂತಿದ್ದಾಳೆ ಲಾಳದಕ್ಕ. ಎರಡು ತಿಂಗಳಿಂದ ಕುಂಟುತ್ತಿದ್ದ ಬಿಳಿ ಕುದುರೆ ‘ಬೆಳ್ಳಕ್ಕಿ’ ಇವತ್ತು ಕಲ್ಲಿನ ಮೇಲೆ ಓಡಬೇಕು. ಕುಂಟಿದರೆ ಮಾರಿಬಿಡುವುದೆಂದು ಮಾಲೀಕರು ಹೇಳಿಯಾಗಿದೆ. ಕುಂಟು ಕುದುರೆಯನ್ನು ಕೊಂಡವರು ಏನು ಮಾಡುತ್ತಾರೆಂದು ಲಾಯದಲ್ಲಿ ಎಲ್ಲರಿಗೂ ಗೊತ್ತು.

ಮೂವತ್ತನಾಲ್ಕರ ಈಕೆ ಕುದುರೆಗಳಿಗೆ ಲಾಳ ಕಟ್ಟಲು ಶುರುಮಾಡಿ ಹದಿನಾಲ್ಕು ವರ್ಷ. ದಿನಕ್ಕೆ ಐದು ಕುದುರೆ, ಇಪ್ಪತ್ತು ಗೊರಸು, ನೂರಿಪ್ಪತ್ತು ಮೊಳೆ. ಒದೆ ತಿಂದು ಎರಡು ಪಕ್ಕೆಲುಬು ಮುರಿದಿವೆ. ಸೊಂಟ ಸಂಜೆಯ ಹೊತ್ತಿಗೆ ಮುಷ್ಕರ ಹೂಡುತ್ತದೆ. ಆದರೂ ಕೆಲಸದ ಮಾತು ತೆಗೆದರೆ ಸಾಕು, ಮುಖ ಅರಳುತ್ತದೆ. ಎರಡನೇ ಮಾತಿಗೇ ತಾತ ಬರುತ್ತಾರೆ.

ತಾತ ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿ ಹೇಸರಗತ್ತೆಗಳಿಗೆ ಲಾಳ ಕಟ್ಟಿದವರು. “ಮೇಲಿನವರ ಕಾಲು ಹಿಡಿದೋರಲ್ಲ, ಅದಕ್ಕೇ ಬಡ್ತಿ ಸಿಗಲಿಲ್ಲ. ಹಿಡಿದಿದ್ದೆಲ್ಲ ಹೇಸರಗತ್ತೆ ಕಾಲೇ,” ಎಂದು ನಗುತ್ತಾಳೆ.

ಯುದ್ಧದ ದಿನಗಳಲ್ಲಿ, ಹಿಮದ ಇಳಿಜಾರಿನಲ್ಲಿ, ಗಾಯಾಳು ಸೈನಿಕನನ್ನು ಹೊತ್ತ ಹೇಸರಗತ್ತೆಯ ಹೆಜ್ಜೆಯ ಸದ್ದು ಬದಲಾಯಿತು. ಅದು ತಾತನೊಬ್ಬರಿಗೇ ಕೇಳಿಸಿತು. ಸಾಲು ನಿಲ್ಲಿಸಿ, ಗೊರಸಿನ ಮಾಂಸಕ್ಕೆ ಚುಚ್ಚಿದ್ದ ಮೊಳೆ ಕಿತ್ತರು. ತಮ್ಮ ಉಣ್ಣೆಯ ಕಾಲುಚೀಲ ಬಿಚ್ಚಿ ಆ ಗೊರಸಿಗೆ ಕಟ್ಟಿ ಒಂಬತ್ತು ಮೈಲಿ ಇಳಿದರು. ಸೈನಿಕ ಬದುಕಿದ. ಹಿಮಕ್ಕೆ ತಾತನ ಕಾಲಿನ ಎರಡು ಬೆರಳು ಹೋದವು.

“ಯುದ್ಧದ ಬಗ್ಗೆ ಕೇಳಿದ್ರೆ ಆ ಹೇಸರಗತ್ತೆ ಎಷ್ಟು ಜಾಣೆ ಅಂತ ಹೇಳೋರು. ಬೆರಳಿನ ವಿಷಯ ಅಜ್ಜಿನೇ ಹೇಳ್ಬೇಕಿತ್ತು.”

ನಿವೃತ್ತರಾಗಿ ಬಂದ ತಾತ ಹಿತ್ತಲಲ್ಲೇ ಕುಲುಮೆ ಹೂಡಿದರು. ಹತ್ತು ವರ್ಷದ ಮೊಮ್ಮಗಳನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ಹಿಂದೆ ಕುದುರೆ ನಡೆಸಿ ಕೇಳುತ್ತಿದ್ದರು: “ಯಾವ ಕಾಲು ನೋಯ್ತಿದೆ, ಹೇಳು.” ಅವಳ ಅಮ್ಮನಿಗೆ ಇದು ಸರಿಬರಲಿಲ್ಲ. “ಹೆಣ್ಣುಮಗು ಕೈಗೆ ಯಾಕೆ ಸುತ್ತಿಗೆ ಕೊಡ್ತೀರಿ, ಮಾವ?”

“ಕುದುರೆ ಬೇಡ ಅಂದ ದಿನ ಬಿಡಿಸೋಣ, ಕಣಮ್ಮ.”

ಹೋದ ವರ್ಷ, ಎಂಬತ್ತಾರನೇ ವಯಸ್ಸಿಗೆ, ತಾತ ತೀರಿಕೊಂಡರು. ಅವರಿಲ್ಲದೆ ಎದುರಾದ ಮೊದಲ ದೊಡ್ಡ ಪರೀಕ್ಷೆ ಈ ಬೆಳ್ಳಕ್ಕಿ. ಭುಜದ ನೋವು ಎಂದು ಎಲ್ಲರೂ ಕೈಚೆಲ್ಲಿದ್ದರು. ಲಾಳದಕ್ಕ ಮೂರು ದಿನ ಸುತ್ತಿಗೆ ಮುಟ್ಟದೆ ಬರೀ ಹೆಜ್ಜೆ ಕೇಳಿದಳು. ಎಡ ಮುಂಗಾಲಿನ ಸದ್ದು ಕೂದಲೆಳೆಯಷ್ಟು ಬೇಗ ಮುಗಿಯುತ್ತಿತ್ತು. ಲಾಳ ಬಿಚ್ಚಿದರೆ, ಅದು ಒತ್ತಿ ಒತ್ತಿ ಗೊರಸಿನ ಹಿಮ್ಮಡಿ ಕಂದಿಹೋಗಿತ್ತು. ಮೂರು ವಾರದ ಗಡುವು ಕೇಳಿ, ಆರೈಕೆ ಮಾಡಿ, ಹಿಮ್ಮಡಿಗೆ ಭಾರ ಬೀಳದಂಥ ಹೊಸ ಲಾಳ ಬಡಿದಳು.

“ಓಡಿಸಿ,” ಎನ್ನುತ್ತಾಳೆ ಈಗ.

ಟಕ್ ಟಕ್, ಟಕ್ ಟಕ್. ಕಲ್ಲುಹಾಸಿನ ಆ ತುದಿಗೆ ಹೋಗಿ, ತಿರುಗಿ ಬರುತ್ತದೆ. ಎಡಕ್ಕೂ ಬಲಕ್ಕೂ ಒಂದೇ ತೂಕ. ಲಗಾಮು ಹಿಡಿದ ಮುದಿ ಲಾಯದಾಳು ಏದುಸಿರು ಬಿಡುತ್ತಿದ್ದಾನೆ. “ಅಕ್ಕ, ಕಣ್ಣು ಬಿಡು. ನಾನು ಓಡಿಸ್ತಿಲ್ಲ, ಇದೇ ನನ್ನ ಎಳ್ಕೊಂಡು ಹೋಗ್ತಿದೆ.”

ಮಾಲೀಕರು ಮಾರುವ ಮಾತು ಮತ್ತೆ ಎತ್ತುವುದಿಲ್ಲ. ನಾಳೆಯ ಸವಾರಿ ಪಟ್ಟಿಯಲ್ಲಿ ಬೆಳ್ಳಕ್ಕಿಯ ಹೆಸರು ಬರೆಸುತ್ತಾರೆ.

ತಾತ ಇದ್ದಿದ್ದರೆ ಏನನ್ನುತ್ತಿದ್ದರು? ಲಾಳದಕ್ಕ ತೋಳಿನಿಂದ ಕಣ್ಣೊರೆಸಿಕೊಂಡು ನಗುತ್ತಾಳೆ.

“ಹೊಗಳೋ ಪೈಕಿ ಅಲ್ಲ ಅವರು. ‘ಮಿಕ್ಕ ಮೂರು ಕಾಲು ನೋಡಿದ್ಯಾ?’ ಅಂತಿದ್ರು.” ಕುದುರೆಯ ಕುತ್ತಿಗೆ ತಟ್ಟುತ್ತಾಳೆ. “ನೋಡಿದೀನಿ. ಎಲ್ಲಾ ಸರಿ ಇದೆ.”