ಉಪ್ಪಿನ ಮೇಲೂ ಹೊಟ್ಟೆಕಿಚ್ಚು

ಮಜ್ಜಿಗೆಗೆ ಉಪ್ಪು ಹಾಕಿ ಕಲಕುವಾಗಲೆಲ್ಲ ನನಗೆ ಉಪ್ಪಿನ ಮೇಲೆ ಸಣ್ಣದೊಂದು ಮತ್ಸರ ಹುಟ್ಟುತ್ತದೆ. ನೀರು ಕಂಡದ್ದೇ ತಡ, ಹಿಂದುಮುಂದು ನೋಡದೆ ಸೋಡಿಯಂ ಅಯಾನು ಒಂದು ಕಡೆ, ಕ್ಲೋರೈಡ್ ಅಯಾನು ಇನ್ನೊಂದು ಕಡೆ ಎಂದು ಪೂರ್ತಿ ಬಿಡಿಬಿಡಿಯಾಗಿ ಬೆರೆತುಹೋಗುವ ಅದರ ಧಾರಾಳಕ್ಕೆ ರಸಾಯನಶಾಸ್ತ್ರ 'ಪ್ರಬಲ ವಿದ್ಯುದ್ವಿಭಾಜ್ಯ' ಎಂಬ ಬಿರುದನ್ನೇ ದಯಪಾಲಿಸಿದೆ. ಚಳ್ಳಕೆರೆಯ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇದನ್ನೇ ಬೋಧಿಸುತ್ತಿರುವ ನಾನಾದರೋ ವಿನೆಗರಿನ ಸಾಲಿಗೆ ಸೇರಿದವನು; ಎಷ್ಟು ಕಲಕಿದರೂ ಬಹುಪಾಲು ಬಿಡಿಯಾಗದೆ ಬಿಗುಮಾನದಿಂದಲೇ ಉಳಿಯುವ ದುರ್ಬಲ.

ಹೋದ ವರ್ಷ ನಮ್ಮ ವಿಭಾಗಕ್ಕೆ ಓಬಳೇಶ ಬಂದ. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಮನೆಯವನು. ಗಡಿಯ ಹಳ್ಳಿಗಳ ಮಕ್ಕಳೊಡನೆ ತೆಲುಗಿನಲ್ಲಿ, ಉಳಿದವರೊಡನೆ ಕನ್ನಡದಲ್ಲಿ ಹರಟುತ್ತ ಎಲ್ಲರಲ್ಲೂ ಕರಗಿಹೋದ. ನನ್ನ 'ಎ' ವಿಭಾಗದ ಮಕ್ಕಳು ತಮಗೂ ಅವನೇ ಬೇಕೆಂದು ಅರ್ಜಿ ಬರೆದರು. ಅವನದೊಂದು ಪಾಠ ನೋಡಿ ತೀರ್ಮಾನಿಸೋಣ ಎಂದರು ಪ್ರಾಂಶುಪಾಲರು. ನನಗೆ ಮೈಯೆಲ್ಲ ಉರಿದುಹೋಯಿತು.

ಪಾಠ ಇದೇ ಉಪ್ಪಿನದು. ಶುದ್ಧ ನೀರಿನಲ್ಲಿ ಬ್ಯಾಟರಿಯ ತಂತಿಗಳನ್ನಿಟ್ಟರೆ ಪುಟ್ಟ ಎಲ್‌ಇಡಿ ದೀಪ ಹತ್ತಬಾರದು. ಉಪ್ಪು ಬಿದ್ದೊಡನೆ, ಬಿಡಿಯಾದ ಅಯಾನುಗಳು ಕರೆಂಟು ಒಯ್ಯುವುದರಿಂದ, ಹತ್ತಬೇಕು. ಹೇಳಲು ನಾಚಿಕೆಯಾಗುತ್ತದೆ, ಡಿಸ್ಟಿಲ್ಡ್ ವಾಟರಿನ ಕ್ಯಾನನ್ನು ನಾನು ಬೆಳಗ್ಗೆಯೇ ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಪಾಪ, ಅವನು ನಲ್ಲಿಯಿಂದ ನಮ್ಮೂರಿನ ಬೋರ್‌ವೆಲ್ ನೀರು ಹಿಡಿದ. ಸೋಪು ನೊರೆ ಬಿಡದ ಆ ಸವಳು ನೀರಿನಲ್ಲಿ ಉಪ್ಪು ಹಾಕುವ ಮೊದಲೇ ದೀಪ ಹತ್ತಿಕೊಂಡಿತು. ಮಕ್ಕಳು ಗೊಳ್ಳೆಂದರು. ಪ್ರಾಂಶುಪಾಲರ ಪಕ್ಕದಲ್ಲಿ ಕೂತಿದ್ದ ನಾನೂ ಮೀಸೆಯಡಿ ನಕ್ಕೆ.

"ನೋಡ್ರಪ್ಪ, ನಾನು ಹಾಕೋಕೆ ಮುಂಚೇನೇ ನಮ್ಮ ನೆಲ ಉಪ್ಪು ಹಾಕೈತೆ!" ಎಂದ ಓಬಳೇಶ. "ನಮ್ಮೂರಾಗೆ ರೇಷ್ಮೆಗೆ ಬಣ್ಣ ಕಟ್ಟೋರು ನೀರು ಬಾಯಾಗೆ ಹಾಕ್ಕಂಡು ನೋಡ್ದೆ ಒಲೆ ಹಚ್ಚಲ್ಲ. ನಾನು ನೋಡ್ದೇನೇ ದೀಪ ಹಚ್ಚಿದೆ. ತಪ್ಪು ನಂದೇ."

ಇಡೀ ತರಗತಿ ಅವನ ಕೈಯಲ್ಲಿತ್ತು. ಆಗ ಹುಡುಗಿಯೊಬ್ಬಳು ಎದ್ದು, "ಸರ್, ಉಪ್ಪು ಎರಡ್ರಷ್ಟು ಹಾಕಿದ್ರೆ ಕರೆಂಟೂ ಎರಡ್ರಷ್ಟು ಹರಿತೈತಾ?" ಎಂದಳು. ಅವನು ನನ್ನತ್ತ ತಿರುಗಿ, "ಇದನ್ನ ಸರ್ ಹೇಳಿದ್ರೇ ಚೆಂದ, ಬರ್ರಿ ಸರ್" ಎಂದ.

ಎದ್ದೆ. ಅಷ್ಟು ಹರಿಯುವುದಿಲ್ಲ, ಕೊಂಚ ಕಡಿಮೆ ಬೀಳುತ್ತದೆ ಎಂದೆ. ಅಯಾನುಗಳೇನೋ ಎಲ್ಲವೂ ಬಿಡಿ. ಆದರೆ ದಟ್ಟಣೆ ಹೆಚ್ಚಿದಂತೆ ಪ್ರತಿಯೊಂದರ ಸುತ್ತ ವಿರುದ್ಧ ವಿದ್ಯುದಾವೇಶದವು ಮುತ್ತಿಕೊಂಡು, ಸಂತೆಯಲ್ಲಿ ನೆಂಟರು ತಡೆದು ನಿಲ್ಲಿಸಿದ ಹಾಗೆ, ಅದನ್ನು ಹಿಂದಕ್ಕೆ ಜಗ್ಗುತ್ತವೆ. ಪೂರ್ತಿ ಬೆರೆಯುವವರಿಗೂ ಅವರದೇ ಕಷ್ಟವಿದೆ ಎನ್ನುವುದು ಹೇಳುತ್ತ ಹೇಳುತ್ತ ನನಗೇ ಹೊಳೆಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನನ್ನ ಪಾಠಕ್ಕೆ ಚಪ್ಪಾಳೆ ಬಿದ್ದು ಎಷ್ಟು ವರ್ಷವಾಗಿತ್ತೋ.

ಪ್ರಾಂಶುಪಾಲರು ತೀರ್ಪು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಓಬಳೇಶನೇ ಹೇಳಿಬಿಟ್ಟ: "ಎ ಸೆಕ್ಷನ್ ಸರ್‌ಗೇ ಇರ್ಲಿ ಬಿಡ್ರಿ. ನಾನೂ ಹಿಂದೆ ಕುಂತ್ಕಂಡು ಕಲೀತೀನಿ."

ಹಾಗಾಗಿ 'ಎ' ವಿಭಾಗ ನನ್ನದಾಗಿಯೇ ಉಳಿದಿದೆ. ಬಿಡುವಿದ್ದಾಗಲೆಲ್ಲ ಅವನು ನಿಜವಾಗಿಯೂ ಬಂದು ಕೊನೆಯ ಬೆಂಚಿನಲ್ಲಿ ಕೂತು ಬರೆದುಕೊಳ್ಳುತ್ತಾನೆ. ಇಷ್ಟು ದಿನ ಅವನ ಪಾಠ ಕಂಡು ಕರುಬುತ್ತಿದ್ದೆ. ಈಗ ಅವನ ಒಳ್ಳೆಯತನ ಕಂಡು ಕರುಬುತ್ತೇನೆ, ಇದು ಹೆಚ್ಚು ಉರಿಯುತ್ತದೆ.